ಕೊಂಕಣ ಸುತ್ತಿ ಮೈಲಾರಕ್ಕೆ: ರಾಜ್ಯೋತ್ಸವಕ್ಕೆ ಆರು ಮೇಜಿನ ಸರಪಳಿ ಯಂತ್ರ

ಆಗಬೇಕಾದ ಕೆಲಸ ಇಷ್ಟೇ: ವೇದಿಕೆಯ ಮೇಲೆ ಸುತ್ತಿಟ್ಟ ಬ್ಯಾನರ್ ಬಿಚ್ಚಿಕೊಳ್ಳಬೇಕು, ಮೇಲಿಂದ ಹೂವಿನ ದಳ ಉದುರಬೇಕು. ಒಬ್ಬರು ದಾರ ಎಳೆದರೆ ಎರಡು ಸೆಕೆಂಡಿನ ಮಾತು. ಅದನ್ನೇ ಸುಮಾರು ಒಂದು ನಿಮಿಷ ಎಳೆದಾಡಿಸಿ, 39 ಅಡಿ ಉದ್ದಕ್ಕೆ ಸಾಲಾಗಿಟ್ಟ ಆರು ಮೇಜುಗಳ ಮೇಲೆ ಗೋಲಿ, ಕಡ್ಡಿಪೆಟ್ಟಿಗೆ, ರಾಗಿ, ಬೀಗ, ಚನ್ನಪಟ್ಟಣದ ರೈಲು, ರಬ್ಬರ್ ಸೀಲು ಎಲ್ಲವನ್ನೂ ಓಡಿಸಿ ಮಾಡಿಸುವ ಯಂತ್ರವಿದು. ಇಂಥ ಸುತ್ತುಬಳಸಿನ ಯಂತ್ರಗಳ ಚಿತ್ರ ಬರೆದೇ ಹೆಸರಾದವನು ಅಮೆರಿಕದ ವ್ಯಂಗ್ಯಚಿತ್ರಕಾರ ರೂಬ್ ಗೋಲ್ಡ್‌ಬರ್ಗ್ (1883–1970). ಅಲ್ಲಿನ ಪರ್ಡ್ಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 1949ರಲ್ಲೇ ಇಂಥ ಯಂತ್ರ ಕಟ್ಟುವ ಸ್ಪರ್ಧೆ ಶುರುಮಾಡಿದ್ದರು. ನಮ್ಮಲ್ಲಿ ಇದಕ್ಕೆ ಗಾದೆ ಮೊದಲೇ ಇದೆ, ಯಂತ್ರ ಮಾತ್ರ ಬಾಕಿ ಇತ್ತು.

ನವೆಂಬರ್ 1 ಸರ್ಕಾರಿ ರಜೆ. ಹಾಗಾಗಿ ಬೆಂಗಳೂರಿನ ಕಚೇರಿ, ಕಾಲೇಜುಗಳಲ್ಲಿ ವಿಭಾಗದ ರಾಜ್ಯೋತ್ಸವ ತಿಂಗಳ ಯಾವುದಾದರೂ ಕೆಲಸದ ದಿನ ನಡೆಯುತ್ತದೆ. ದೀಪ, ನಾಡಗೀತೆ, ಭಾಷಣ, ಖಾರಾಬಾತು, ಕೇಸರಿಬಾತು. ವೇದಿಕೆ ಮೇಲೆ ನಾಲ್ವರು, ಕೆಳಗೆ ಕೂತು ಚಪ್ಪಾಳೆ ತಟ್ಟುವವರು ಉಳಿದವರು. ಈ ಯಂತ್ರಕ್ಕೆ ಮೂವತ್ತು ಜನರ ಕೈ ಬೇಕು. ದಿನಕ್ಕೊಂದು ಗಂಟೆಯಂತೆ 12 ಕೆಲಸದ ದಿನ ಸಾಕು.

ತಂಡ ಕಟ್ಟುವುದು

ಒಂದು ಮೇಜಿಗೆ ಐವರು. ಚೀಟಿ ಎತ್ತಿ ಹಂಚಿ. ಒಂದೇ ಎಚ್ಚರ: ಒಬ್ಬ ಅಧಿಕಾರಿ ಮತ್ತು ಅವರ ಕೈಕೆಳಗೇ ದಿನವೂ ಕೆಲಸ ಮಾಡುವವರು ಒಂದೇ ಮೇಜಿಗೆ ಬಂದರೆ ಚೀಟಿ ಮತ್ತೆ ಎತ್ತಿ. ಇಲ್ಲದಿದ್ದರೆ ಅಟೆಂಡರಿಗೆ ಹೊಳೆದ ಉಪಾಯ ಅವರ ಬಾಯಲ್ಲೇ ಉಳಿಯುತ್ತದೆ, ಅಧೀಕ್ಷಕರ ಉಪಾಯ ಕೆಟ್ಟದಾಗಿದ್ದರೂ ಮೇಜಿನ ಮೇಲೆ ಬಂದು ಕೂರುತ್ತದೆ.

ಐವರಿಗೆ ಐದು ಪಾತ್ರ. ಕೈ: ಕಟ್ಟುವವರು. ಜೋಳಿಗೆ: ಸಾಮಾನು ತರುವವರು. ಲೆಕ್ಕ: ಪ್ರತಿ ಓಟ ಗೆದ್ದಿತೋ ಸೋತಿತೋ ಬರೆಯುವವರು. ಬಾಯಿ: ಮೇಜಿನ ಮೇಲಿನ ಫಲಕ ಬರೆದು ಆ ದಿನ ಜನಕ್ಕೆ ವಿವರಿಸುವವರು. ಇನ್ನು ಕಣ್ಣು, ಏನನ್ನೂ ಮುಟ್ಟದೆ ನೋಡುವುದಷ್ಟೇ ಇವರ ಕೆಲಸ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕಟ್ಟಿದವರ ದೃಷ್ಟಿ ಸದಾ ಕೊನೆಯ ಫಲದ ಮೇಲಿರುತ್ತದೆ. ಎರಡು ಹೆಜ್ಜೆ ಹಿಂದೆ ದಾರ ಮೊಳೆಗೆ ತಗುಲಿದ್ದು ಅವರಿಗೆ ಕಾಣುವುದೇ ಇಲ್ಲ. ಕಣ್ಣು ಆದವರು ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಪ್ರತಿ ಓಟ ಹಿಡಿದಿಟ್ಟರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಫಲಕದಲ್ಲಿ ಆ ಮೇಜಿನ ವಸ್ತುವಿನ ಬಗ್ಗೆ ತಂಡವೇ ಕಟ್ಟಿದ ಒಂದು ಒಗಟು ಇರಬೇಕು, ಉತ್ತರ ಯಂತ್ರ ಓಡಿದಾಗ ತಿಳಿಯಬೇಕು. ಸೀಲಿನ ಮೇಜಿಗೆ ಹೀಗೆ: ‘ಹೊಟ್ಟೆಯಲ್ಲಿ ತಿರುಗುಮುರುಗು, ಒತ್ತಿದರೆ ನೆಟ್ಟಗೆ.’

ಗಡಿ ನಿಯಮ

ಇಡೀ ಯಂತ್ರ ನಿಲ್ಲುವುದು ಇದರ ಮೇಲೆ. ಮೇಜಿನ ಒಳಗೆ ಏನು ಬೇಕಾದರೂ ಮಾಡಿಕೊಳ್ಳಲಿ, ಯಾರೂ ಕೇಳಬಾರದು. ಮೇಜಿನ ಅಂಚಿನಲ್ಲಿ ಮಾತ್ರ ಒಂದು ಮಿಲಿಮೀಟರ್ ಚೌಕಾಸಿಯೂ ಇಲ್ಲ. ಸೆಮಿನಾರ್ ಹಾಲಿನ 6 ಅಡಿ ಉದ್ದ, 2 ಅಡಿ ಅಗಲ, ಎರಡೂವರೆ ಅಡಿ ಎತ್ತರದ ಮೇಜಿಗೆ ಲೆಕ್ಕ ಹೀಗಿದೆ:

ಗೋಲಿ 16 ಮಿ.ಮೀ. ಗಾಜಿನದು, ತೂಕ ಸುಮಾರು 5 ಗ್ರಾಂ. ಒಂದೊಂದು ಮೇಜಿಗೆ ಒಂದೊಂದು ಬಣ್ಣ. (ಗೋಲಿ ಸೋಡಾ ಬಾಟಲಿ ಒಡೆಯುವ ಸಾಹಸ ಬೇಡ.) ಒಳಬರುವ ಗೋಲಿ ಎಡ ಅಂಚಿನ ನಟ್ಟನಡುವೆ, ಮೇಜಿನಿಂದ 10 ಸೆಂ.ಮೀ. ಎತ್ತರದಲ್ಲಿ ಬರುತ್ತದೆ. ಹೊರಹೋಗುವ ಗೋಲಿ ಬಲ ಅಂಚಿನ ನಡುವೆ 15 ಸೆಂ.ಮೀ. ಎತ್ತರದಲ್ಲಿ ಬಾಗಿಲ ಹಿಂದೆ ಕಾದಿರುತ್ತದೆ. ಬಾಗಿಲು ಎಂದರೆ ಅಡ್ಡ ನಿಂತ ಸೈಕಲ್ ಕಡ್ಡಿ, ದಾರ ಎಳೆದರೆ ಮೇಲೇಳುತ್ತದೆ. ಮೇಜುಗಳ ನಡುವೆ 20 ಸೆಂ.ಮೀ. ಅಂತರ, ಅದರ ಮೇಲೆ 60 ಸೆಂ.ಮೀ. ಉದ್ದದ ಕಾಲುವೆ. 60ಕ್ಕೆ 5 ಸೆಂ.ಮೀ. ಇಳಿಜಾರು.

ಕಾಲುವೆಗೆ ಪೈಪು ಸೀಳಲು ಹೋಗಬೇಡಿ. ಉದ್ದಕ್ಕೆ ಸೀಳಿದ ಪಿವಿಸಿ ಪೈಪು ತಿರುಚಿಕೊಳ್ಳುತ್ತದೆ, ಗರಗಸದ ಅಂಚು ಗೋಲಿಯನ್ನು ತಡೆಯುತ್ತದೆ. ಎಲೆಕ್ಟ್ರಿಷಿಯನ್‌ಗಳು ಗೋಡೆಗೆ ಹೊಡೆಯುವ ಒಂದು ಇಂಚಿನ ಕೇಸಿಂಗ್ ಪಟ್ಟಿ ತನ್ನಿ, ಮುಚ್ಚಳ ಬಿಸಾಡಿ. ಅದೇ ಸಿದ್ಧ ಕಾಲುವೆ. ಎಸ್‌.ಪಿ. ರಸ್ತೆಯ ವಿದ್ಯುತ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಕೊಳ್ಳುವಾಗಲೇ ಒಂದು ಗೋಲಿ ಜೇಬಿನಲ್ಲಿಟ್ಟುಕೊಂಡು ಹೋಗಿ ಉರುಳಿಸಿ ನೋಡಿ. ಭಾನುವಾರ ಹೋಗಬೇಡಿ, ಬಹುತೇಕ ಅಂಗಡಿ ಮುಚ್ಚಿರುತ್ತವೆ.

ಬಂದ ಗೋಲಿಯೇ ಮುಂದಿನ ಮೇಜಿಗೆ ಹೋಗುವುದಿಲ್ಲ ಎಂಬುದನ್ನು ಗಮನಿಸಿ. ಪ್ರತಿ ಮೇಜೂ ಒಂದು ಗೋಲಿ ಪಡೆದು ತನ್ನದೇ ಇನ್ನೊಂದನ್ನು ಬಿಡುತ್ತದೆ. ಇದರಿಂದ ಎರಡು ಲಾಭ. ಆರು ತಂಡಗಳೂ ಒಬ್ಬರಿಗೊಬ್ಬರು ಕಾಯದೆ, ಕೈಯಿಂದ ಗೋಲಿ ಬಿಟ್ಟು ತಮ್ಮ ಮೇಜನ್ನು ಪರೀಕ್ಷಿಸಬಹುದು. ಆ ದಿನ ನಡುವೆ ಯಾವುದಾದರೂ ಮೇಜು ಕೈಕೊಟ್ಟರೆ, ಆ ತಂಡದವರು ಬಾಗಿಲ ಕಡ್ಡಿಯನ್ನು ತಾವೇ ಎತ್ತಿ ಕೈ ಕೊಡಬಹುದು. ಯಂತ್ರ ನಿಲ್ಲುವುದಿಲ್ಲ.

ಇನ್ನೊಂದು ಸೂತ್ರ ಎಲ್ಲ ತಂಡಕ್ಕೂ: 5 ಗ್ರಾಂ ಗೋಲಿಯಿಂದ ಕೆಲಸ ಮಾಡಿಸಬೇಡಿ. ಗೋಲಿ ತಡೆ ತೆಗೆಯಲಿ, ಕೆಲಸವನ್ನು ಮೊದಲೇ ಎತ್ತಿಟ್ಟ ತೂಕ ಮಾಡಲಿ. ಮೇಜಿನ ಅಂಚಿನಲ್ಲಿ ಅರ್ಧ ಹೊರಗೆ ಕೂತ 200 ಗ್ರಾಂ ಬೀಗವನ್ನು ಬೀಳುವ ಡೈರಿಯೊಂದು ಸುಲಭವಾಗಿ ತಳ್ಳುತ್ತದೆ. ಬಿದ್ದ ಬೀಗ ದಾರದ ತುದಿಯಲ್ಲಿ ಏನನ್ನು ಬೇಕಾದರೂ ಎಳೆಯುತ್ತದೆ. ಕಚೇರಿಯಲ್ಲಿ ಕೀಲಿ ಕಳೆದ ಬೀಗಗಳಿಗೆ ಬರ ಇಲ್ಲ.

ಮೇಜು 1: ಕಡ್ಡಿಪೆಟ್ಟಿಗೆಯಿಂದ ಪಿಎಚ್‌.ಡಿ.ವರೆಗೆ

30 ಕಡ್ಡಿಪೆಟ್ಟಿಗೆ ನಿಲ್ಲಿಸಿ, ಸಾಲಾಗಿ ಬೀಳಿಸುವುದು. ಕಡ್ಡಿ ತೆಗೆದುಬಿಡಿ, ಸಭಾಂಗಣದಲ್ಲಿ ಅಷ್ಟು ಮದ್ದು ಬೇಡ. ಆದರೆ ಖಾಲಿ ಪೆಟ್ಟಿಗೆ ಉಸಿರಿಗೇ ಬೀಳುತ್ತದೆ. ಒಣ ಮರಳು ತುಂಬಿ ಬಾಯಿಗೆ ಟೇಪು ಹಚ್ಚಿ. ಪೆಟ್ಟಿಗೆ 5 ಸೆಂ.ಮೀ. ಎತ್ತರ, ನಡುವೆ ಎರಡೂವರೆ ಸೆಂ.ಮೀ. ಬಿಡಿ. ಎತ್ತರದ ಮೂರನೇ ಒಂದರಿಂದ ಅರ್ಧದವರೆಗೆ ಅಂತರ ಇದ್ದರೆ ಸಾಲು ತಪ್ಪದು. ಮೊದಲ ಪೆಟ್ಟಿಗೆಗೆ ಗೋಲಿ ಮೇಲಿನ ಅರ್ಧದಲ್ಲಿ ತಾಗಬೇಕು. ಬುಡಕ್ಕೆ ತಾಗಿದರೆ ಪೆಟ್ಟಿಗೆ ಬೀಳದೆ ಜಾರುತ್ತದೆ.

ಸಾಲಿನ ಕೊನೆಯಲ್ಲಿ ಬೆಳೆಯುವ ಮೆಟ್ಟಿಲು. ಬೀಳುವ ಹಲಗೆ ತನಗಿಂತ ಒಂದೂವರೆ ಪಟ್ಟು ದೊಡ್ಡದನ್ನೂ ಬೀಳಿಸಬಲ್ಲದು. ಕಚೇರಿಯಲ್ಲೇ ಸಿಗುವ ಸಾಮಾನಿನಲ್ಲಿ ಮೆಟ್ಟಿಲು ಹೀಗೆ ಬಂತು: ಕಡ್ಡಿಪೆಟ್ಟಿಗೆ 5 ಸೆಂ.ಮೀ., ಅಡ್ಡ ನಿಲ್ಲಿಸಿದ ಕ್ಯಾಸೆಟ್ ಡಬ್ಬಿ 7, ಇಸ್ಪೀಟು ಪೊಟ್ಟಣ 9, ನೆಟ್ಟಗೆ ನಿಲ್ಲಿಸಿದ ಕ್ಯಾಸೆಟ್ ಡಬ್ಬಿ 11, ಡೈರಿ 14.5, ಡೆಮಿ ಅಷ್ಟದಳ ಪುಸ್ತಕ 21.5, ಕೊನೆಗೆ ರಟ್ಟು ಕಟ್ಟಿದ ಪಿಎಚ್‌.ಡಿ. ಪ್ರಬಂಧ 30. ಇಸ್ಪೀಟು ಪೊಟ್ಟಣ ಬಿಟ್ಟು 7ರಿಂದ ನೇರ 11ಕ್ಕೆ ಹಾರಿದರೆ ಒಂದೂವರೆ ಪಟ್ಟು ಮೀರುತ್ತದೆ, ಹತ್ತರಲ್ಲಿ ಕೆಲವು ಸಲ ಅಲ್ಲೇ ನಿಲ್ಲುತ್ತದೆ. ಪೊಟ್ಟಣ ಯಾರ ಡ್ರಾಯರಿನಿಂದ ಬಂತೆಂದು ಕೇಳದಿರುವುದು ಒಳ್ಳೆಯದು.

ಇಲ್ಲಿ ಕೆಡುವುದು ಎರಡು ಕಡೆ. ಪುಸ್ತಕ ಬೀಳುವಾಗ ರಟ್ಟು ತೆರೆದುಕೊಂಡು ಹೊಡೆತ ಪೋಲಾಗುತ್ತದೆ, ಎರಡು ರಬ್ಬರ್ ಬ್ಯಾಂಡ್ ಹಾಕಿ. ಸನ್ಮೈಕಾ ಮೇಜಿನ ಮೇಲೆ ಬುಡ ಜಾರುತ್ತದೆ, 80 ನಂಬರಿನ ಉಪ್ಪು ಕಾಗದವನ್ನು ಪಟ್ಟಿ ಕತ್ತರಿಸಿ ಡಬಲ್ ಸೈಡ್ ಟೇಪಿನಲ್ಲಿ ಅಂಟಿಸಿ. ಗ್ರಂಥಾಲಯದ ಪ್ರತಿ ಬಳಸಬೇಡಿ, ವಿಭಾಗದ ಬೀರುವಿನಲ್ಲಿ ಹೆಚ್ಚುವರಿ ಪ್ರತಿ ಇದ್ದೇ ಇರುತ್ತದೆ. ಪ್ರಬಂಧದ ನೆತ್ತಿಗೆ ಕಟ್ಟಿದ ದಾರ ಬಾಗಿಲ ಕಡ್ಡಿಯನ್ನು ಎಳೆಯುತ್ತದೆ.

ಮೇಜು 2: ರಾಗಿ ಗಡಿಯಾರ

ಎಲ್ಲ ಓಡುವ ಯಂತ್ರದಲ್ಲಿ ಒಂದು ಕಡೆ ಎಲ್ಲ ನಿಂತಂತೆ ಕಾಣಬೇಕು. ಆಗಲೇ ಸಭೆ ಉಸಿರು ಹಿಡಿಯುವುದು. ಒಂದು ಲೀಟರಿನ ನೀರಿನ ಬಾಟಲಿಯನ್ನು ತಲೆಕೆಳಗು ಕಟ್ಟಿ, ಮುಚ್ಚಳಕ್ಕೆ 10 ಮಿ.ಮೀ. ತೂತು ಕೊರೆದು, ರಾಗಿ ತುಂಬಿ. ತೂತಿನ ಕೆಳಗೆ ಹಳೆಯ ಗುರುತಿನ ಚೀಟಿಯ ಪ್ಲಾಸ್ಟಿಕ್ ಕಾರ್ಡು ಅಡ್ಡ. ಗೋಲಿ ಬಂದು ಡೈರಿ ಬೀಳಿಸಿ, ಡೈರಿ ಬೀಗ ತಳ್ಳಿ, ಬೀಗ ಕಾರ್ಡು ಎಳೆದರೆ ರಾಗಿ ಸುರಿಯುತ್ತದೆ. ಕೆಳಗೆ ತಕ್ಕಡಿ: 60 ಸೆಂ.ಮೀ. ಮರದ ಪಟ್ಟಿ, ಒಂದು ತುದಿಯಲ್ಲಿ ಸ್ಟೀಲ್ ಲೋಟ, ಇನ್ನೊಂದರಲ್ಲಿ ಬೀಗ. ಖಾಲಿ ಲೋಟದ ಭಾರ ಕಳೆದು ಬೀಗದ ಕಡೆ 200 ಗ್ರಾಂ ಹೆಚ್ಚಿರಲಿ. ಲೋಟಕ್ಕೆ ಅಷ್ಟು ರಾಗಿ ಬಿದ್ದಾಗ ತಕ್ಕಡಿ ಮಗುಚಿ ಬಾಗಿಲು ತೆರೆಯುತ್ತದೆ. ಈ ಅಳತೆಗೆ 25 ಸೆಕೆಂಡಿನ ಆಸುಪಾಸು ಹಿಡಿಯುತ್ತದೆ, ನಿಮ್ಮ ರಾಗಿ ಸುರಿಸಿ ಗಡಿಯಾರದಲ್ಲಿ ನೋಡಿಕೊಳ್ಳಿ.

ನೀರಿನ ಬದಲು ರಾಗಿ ಏಕೆಂದರೆ, ನೀರು ತೊಟ್ಟಿಯಲ್ಲಿ ಕಡಿಮೆಯಾದಂತೆ ನಿಧಾನವಾಗುತ್ತದೆ, ಕಾಳು ಹಾಗಲ್ಲ. ಬಾಟಲಿಯಲ್ಲಿ ಎಷ್ಟೇ ಎತ್ತರಕ್ಕೆ ಇದ್ದರೂ ಸುರಿಯುವ ವೇಗ ಹೆಚ್ಚುಕಡಿಮೆ ಅದೇ. ಕಾಳಿನ ಭಾರವನ್ನು ಬಾಟಲಿಯ ಗೋಡೆಗಳೂ ಹೊರುತ್ತವೆ. ಜೊತೆಗೆ ಒಂದು ಮೇಜಿನಾಚೆ ಮೋಟಾರಿನ ಮೇಜಿದೆ, ರಾಗಿ ಚೆಲ್ಲಿದರೂ ಭಯವಿಲ್ಲ.

ಕೆಡುವ ಬಗೆ ಮೂರು. ಒಂದು, ಸುರಿಯುತ್ತ ಸುರಿಯುತ್ತ ನಿಂತೇಹೋಗುತ್ತದೆ: ಬಾಟಲಿಯ ತಳ ಕತ್ತರಿಸಿಲ್ಲ, ಗಾಳಿ ಒಳಗೆ ಹೋಗಲು ದಾರಿಯಿಲ್ಲ. ಎರಡು, ತೂತಿನಲ್ಲಿ ಕಾಳು ಕಮಾನು ಕಟ್ಟಿಕೊಳ್ಳುತ್ತದೆ: ತೂತು ಕಾಳಿನ ಆರು ಪಟ್ಟಿಗಿಂತ ಚಿಕ್ಕದಿದೆ, ಇಲ್ಲವೇ ರಾಗಿ ತೇವ ಹಿಡಿದಿದೆ. ನವೆಂಬರಿನ ಬೆಂಗಳೂರಿನಲ್ಲಿ ಹಿಂಗಾರು ಮಳೆ ಯಾವ ಹೊತ್ತಿಗೂ ಬರಬಹುದು. ಹಿಂದಿನ ದಿನ ರಾಗಿಯನ್ನು ಜರಡಿ ಹಿಡಿದು, ಬಿಸಿಲಿಗೆ ಹರಡಿ, ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಡಿ.

ಮೂರನೆಯದು ಎಲ್ಲರನ್ನೂ ಸತಾಯಿಸುವಂಥದು: ತಕ್ಕಡಿ ಮಗುಚುವುದಿಲ್ಲ, ಸೋಮಾರಿಯಂತೆ ವಾಲುತ್ತದೆ. ಕಡ್ಡಿ ಅರ್ಧ ಎದ್ದು ಅಲ್ಲೇ ಕಚ್ಚಿಕೊಳ್ಳುತ್ತದೆ. ಕಾರಣ, ಲೋಟ ಮತ್ತು ಬೀಗವನ್ನು ಅಂಗಡಿಯ ತಕ್ಕಡಿಯಂತೆ ಪಟ್ಟಿಯಿಂದ ಕೆಳಗೆ ತೂಗುಹಾಕಿರುತ್ತೀರಿ. ಭಾರ ತಿರುಗಣೆಗಿಂತ ಕೆಳಗಿದ್ದರೆ ತಕ್ಕಡಿ ಮತ್ತೆ ಮಟ್ಟಕ್ಕೆ ಬರಲು ನೋಡುತ್ತದೆ. ತೂಕ ಮಾಡಲು ಅದು ಗುಣ, ಇಲ್ಲಿ ದೋಷ. ಲೋಟ, ಬೀಗ ಎರಡನ್ನೂ ಪಟ್ಟಿಯ ಮೇಲೆ ಕೂರಿಸಿ ಟೇಪು ಹಾಕಿ, ತಿರುಗಣೆಯ ಸೈಕಲ್ ಕಡ್ಡಿ ಪಟ್ಟಿಯ ಕೆಳಗೆ ಬರಲಿ. ಬೀಗದ ತುದಿ ಒಂದು ಇಟ್ಟಿಗೆ ಚೂರಿನ ಮೇಲೆ ಒರಗಿರಲಿ. ಈಗ ಒಮ್ಮೆ ವಾಲಿದರೆ ಪೂರ್ತಿ ಮಗುಚಿಯೇ ಬೀಳುತ್ತದೆ.

ಮೇಜು 3 ಸುಲಭದ್ದು. ಚನ್ನಪಟ್ಟಣದ ಮರದ ರೈಲು 60 ಸೆಂ.ಮೀ. ಇಳಿಜಾರಿನಲ್ಲಿ 12 ಸೆಂ.ಮೀ. ಇಳಿದು ಬಾಗಿಲ ಸನ್ನೆಗೆ ಗುದ್ದುತ್ತದೆ. ಅರಗಿನ ಬಣ್ಣ ಅಚ್ಚಿಗೂ ಹತ್ತಿದ್ದರೆ ಚಕ್ರ ಬಿಗಿಯಾಗಿರುತ್ತದೆ, ಮೇಣದಬತ್ತಿ ಉಜ್ಜಿ. ರೈಲು ಪಕ್ಕಕ್ಕೆ ಎಳೆಯುವುದು ಖಂಡಿತ, ಎರಡು ಬದಿಗೂ ಮರದ ಸ್ಕೇಲು ಅಂಟಿಸಿ.

ಮೇಜು 4: ಹಾರುವ ನೀಲಕಂಠ

ರಟ್ಟಿನಲ್ಲಿ ಕತ್ತರಿಸಿ ಬಣ್ಣ ಬಳಿದ ನೀಲಕಂಠ, ನಮ್ಮ ರಾಜ್ಯ ಪಕ್ಷಿ, 30 ಸೆಂ.ಮೀ. ಮೇಲೇಳಬೇಕು. ಸಾಮಾನು: 12 ವೋಲ್ಟ್, 60 ಆರ್‌ಪಿಎಂ ಗಿಯರ್ ಮೋಟಾರ್ ಒಂದು, ಉದ್ದ ಸನ್ನೆಯ ಮೈಕ್ರೋಸ್ವಿಚ್ (ಸನ್ನೆ ಒತ್ತಿದರೆ ಕೆಲಸ ಮಾಡುವ ಪುಟ್ಟ ಸ್ವಿಚ್ಚು) ಎರಡು, 2 ಆಂಪಿಯರ್ ಫ್ಯೂಸು, 2 ಸೆಂ.ಮೀ. ವ್ಯಾಸದ ದಾರದ ಉಂಡೆ. ವಿದ್ಯುತ್ತು ಗೋಡೆಯದು ಬೇಡ. ಮುಖ್ಯ ಅತಿಥಿಯ ಭಾಷಣದಲ್ಲಿ ಕರೆಂಟು ಹೋದರೆ ತೊಂದರೆಯಿಲ್ಲ, ಇಲ್ಲಿ ಹೋದರೆ ಹಕ್ಕಿ ನಡುಗಾಳಿಯಲ್ಲಿ. ಯುಪಿಎಸ್‌ನಲ್ಲಿರುವ 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿ ಸಾಕು. ಫ್ಯೂಸನ್ನು ಬ್ಯಾಟರಿಯ ಧನ ತುದಿಯ ಪಕ್ಕದಲ್ಲೇ ಹಾಕಿ. ಅಷ್ಟು ಚಿಕ್ಕ ಬ್ಯಾಟರಿಯೂ ಶಾರ್ಟ್ ಆದರೆ ತಂತಿಯನ್ನು ಸುಟ್ಟುಬಿಡುತ್ತದೆ. ಉಂಡೆ ಸೆಕೆಂಡಿಗೊಂದು ಸುತ್ತಿನಂತೆ 6 ಸೆಂ.ಮೀ. ಚಿಲ್ಲರೆ ದಾರ ಸುತ್ತುತ್ತದೆ, ಹಕ್ಕಿ ಐದು ಸೆಕೆಂಡಿನಲ್ಲಿ ಮೇಲೆ.

ಎಲ್ಲರೂ ಮೊದಲು ಮಾಡುವ ತಪ್ಪು: ಗೋಲಿಯನ್ನು ನೇರವಾಗಿ ಸ್ವಿಚ್ಚಿನ ಮೇಲೆ ಬೀಳಿಸುವುದು. ಸನ್ನೆ ಒತ್ತಿಹಿಡಿಯಲು 5 ಗ್ರಾಂ ಸಾಲದು. ಬಿದ್ದ ರಭಸಕ್ಕೆ ಒಮ್ಮೆ ‘ಟಿಕ್’ ಎಂದು ಮೋಟಾರು ಮಿಸುಕಿ ನಿಲ್ಲುತ್ತದೆ. ಇಲ್ಲಿಯೂ ಬೀಗವೇ ಬೇಕು, ಬಿದ್ದು ಸನ್ನೆಯ ಮೇಲೆ ಕೂತೇ ಇರಬೇಕು. ಆದರೆ ಎತ್ತರದಿಂದ ಬಿದ್ದರೆ ಸ್ವಿಚ್ಚಿನ ಪ್ಲಾಸ್ಟಿಕ್ ಒಡೆಯುತ್ತದೆ. ಬೀಳುವ ದೂರ 2 ಸೆಂ.ಮೀ. ದಾಟದಿರಲಿ, ನಡುವೆ ತೆಳು ಸ್ಪಂಜು ಇರಲಿ.

ಎರಡನೇ ಸ್ವಿಚ್ಚು ಮೇಲ್ತುದಿಯಲ್ಲಿ, ಹಕ್ಕಿ ತಾಗಿದಾಗ ಮೋಟಾರು ನಿಲ್ಲಿಸಲು. ಇದರಲ್ಲಿ ಮಾಮೂಲಿಯಾಗಿ ಕೂಡಿದ್ದು ಒತ್ತಿದಾಗ ಬಿಡುವ ತುದಿಗೆ ತಂತಿ ಕೊಡಿ. ಇದಿಲ್ಲದಿದ್ದರೆ ದಾರ ಕಿತ್ತು ಹಕ್ಕಿ ಕೆಳಗೆ, ಇಲ್ಲವೇ ಗಿಯರಿನ ಹಲ್ಲು ಕಿತ್ತು ಮೋಟಾರು ಮೂಲೆಗೆ. ಬಾಗಿಲು ತೆರೆಯುವ ಜಾಗ ಈ ಸ್ವಿಚ್ಚಿಗಿಂತ ಒಂದು ಸೆಂ.ಮೀ. ಕೆಳಗಿರಬೇಕು. ಅದಲುಬದಲಾದರೆ ಹಕ್ಕಿ ಮೇಲೆ ಹೋಗಿ ಗಂಭೀರವಾಗಿ ನಿಲ್ಲುತ್ತದೆ, ಗೋಲಿ ಮಾತ್ರ ಅಲ್ಲೇ.

ಮೇಜು 5: ಅನುಮೋದಿಸಲಾಗಿದೆ

ಕಡತವೊಂದು ಇಳಿಜಾರಿನಲ್ಲಿ ಜಾರಿ ಬಂದು ನಿಲ್ಲುತ್ತದೆ, ಮೇಲಿಂದ ಸೀಲು ಬಿದ್ದು ‘ಅನುಮೋದಿಸಲಾಗಿದೆ’ ಎಂದು ಒತ್ತುತ್ತದೆ. ಸಭೆ ಹೆಚ್ಚು ನಗುವುದು ಇಲ್ಲೇ. ಒಂದು ವಿಶ್ವವಿದ್ಯಾಲಯದಲ್ಲಿ ಕಡತ ಐದು ಸೆಕೆಂಡಿನಲ್ಲಿ ಮಂಜೂರಾಗುವುದನ್ನು ನೋಡುವ ಭಾಗ್ಯ ದಿನವೂ ಸಿಗುವುದಿಲ್ಲ. 30 ಸೆಂ.ಮೀ. ಮರದ ತೋಳಿನ ಒಂದು ಕೊನೆಗೆ ಕದದ ಚಿಕ್ಕ ಕೀಲು, ಇನ್ನೊಂದು ಕೊನೆಗೆ ಸೀಲು. ತಾನೇ ಶಾಯಿ ಹಚ್ಚಿಕೊಳ್ಳುವ ಸೀಲು ಇಲ್ಲಿ ನಡೆಯದು, ಅದರ ಸ್ಪ್ರಿಂಗ್ ಅದುಮಲು ಬೀಳುವ ತೋಳಿನ ಬಲ ಸಾಲದು. ಅವೆನ್ಯೂ ರಸ್ತೆಯಲ್ಲಿ ಮಾಡಿಸಿಕೊಡುವ ಹಳೆಯ ಮರದ ಹಿಡಿಯ ಸೀಲೇ ಸರಿ. ಶಾಯಿಯನ್ನು ಆರಂಭಕ್ಕೆ ಹತ್ತು ನಿಮಿಷ ಮುಂಚೆಯಷ್ಟೇ ಹಚ್ಚಿ. ಕಾಗದದ ಕೆಳಗೆ ನಾಲ್ಕು ಪದರ ನ್ಯೂಸ್‌ಪೇಪರ್ ಇದ್ದರೆ ಅಕ್ಷರ ಪೂರ್ತಿ ಮೂಡುತ್ತದೆ, ಗಟ್ಟಿ ಹಲಗೆಯ ಮೇಲಾದರೆ ಸೀಲು ಪುಟಿದು ಎರಡು ಸಲ ಒತ್ತುತ್ತದೆ. ಡಬಲ್ ಅನುಮೋದನೆಗೆ ಲೆಕ್ಕಪರಿಶೋಧನೆಯವರು ಒಪ್ಪುವುದಿಲ್ಲ.

ಮೇಜು 6: ಬ್ಯಾನರ್, ದಳ

6 ಅಡಿ ಅಗಲ, 4 ಅಡಿ ಎತ್ತರದ ಬಟ್ಟೆ ಬ್ಯಾನರ್. ಕೆಳ ಅಂಚಿಗೆ ಮರದ ಕೋಲು ಹೊಲಿದು ಮೇಲಕ್ಕೆ ಸುತ್ತಿ. ಎರಡು ಬದಿಗೂ ಬೇರೆ ಬೇರೆ ಗಂಟು, ಬೇರೆ ಬೇರೆ ಕಡ್ಡಿ ಇಟ್ಟರೆ ಒಂದು ಮೊದಲು ಬಿಚ್ಚಿ ಬ್ಯಾನರ್ ಓರೆಯಾಗಿ ನೇತಾಡುತ್ತದೆ. ಎರಡೂ ಬದಿಯ ಕುಣಿಕೆಗಳ ದಾರವನ್ನು ಕೊಕ್ಕೆಗಳ ಮೂಲಕ ನಡುವಿಗೆ ತಂದು ಒಂದೇ ಸೈಕಲ್ ಕಡ್ಡಿಗೆ ಸಿಕ್ಕಿಸಿ, ಕಡ್ಡಿಗೆ ಮೇಣ ಉಜ್ಜಿ. ಎಳೆಯುವ ಬೀಗ 250 ಗ್ರಾಂ, 40 ಸೆಂ.ಮೀ. ಬೀಳಲಿ. ದಾರ ಪ್ಯಾಕಿಂಗ್ ಟ್ವೈನ್ ಇರಲಿ, ತೆಳು ನೈಲಾನ್ ಹಿಗ್ಗಿ ಬೀಗ ಬಿದ್ದ ದೂರದಲ್ಲಿ ಒಂದು ಪಾಲು ತಾನೇ ನುಂಗುತ್ತದೆ.

ಹೂವು 2 ಕೆ.ಜಿ.: ಹಳದಿಗೆ ಸೇವಂತಿಗೆ, ಕೆಂಪಿಗೆ ಗುಲಾಬಿ. ಕೆ.ಆರ್. ಮಾರುಕಟ್ಟೆಯಲ್ಲಿ ಬೆಳಗಿನ ಜಾವ ತಂದು, ದಳ ಬಿಡಿಸಿ ನ್ಯೂಸ್‌ಪೇಪರ್ ಮೇಲೆ ಒಂದು ಗಂಟೆ ಆರಲು ಬಿಡಿ. ಮಾರುಕಟ್ಟೆಯಲ್ಲಿ ಚಿಮುಕಿಸಿದ ನೀರು ಹಾಗೇ ಇದ್ದರೆ ದಳ ಉದುರದೆ ಉಂಡೆಯಾಗಿ ಬೀಳುತ್ತದೆ. ಸೊಳ್ಳೆಪರದೆಯ ತುಂಡನ್ನು ಜೋಳಿಗೆ ಮಾಡಿ, ಒಂದು ಅಂಚನ್ನು ಅದೇ ಕಡ್ಡಿಗೆ ಸೇರಿಸಿ. ದೀಪದ ಕಂಬ ಬ್ಯಾನರಿನಿಂದ ಎರಡು ಮೀಟರ್ ದೂರ ಇರಲಿ.

ಧ್ವಜಾರೋಹಣವನ್ನು ಮಾತ್ರ ಯಂತ್ರಕ್ಕೆ ಒಪ್ಪಿಸಬೇಡಿ. ಬ್ಯಾನರ್ ಓರೆಯಾದರೆ ನಗಬಹುದು, ಬಾವುಟ ನೆಲಕ್ಕೆ ಬಿದ್ದರೆ ಆಗದು.

ಓಡಿಸಿ ನೋಡುವುದು

ಒಂದು ಮೇಜು 10ರಲ್ಲಿ 9 ಸಲ ಗೆದ್ದರೆ ತಂಡ ಕುಣಿಯುತ್ತದೆ. ಆರೂ ಮೇಜು ಹಾಗೇ ಇದ್ದರೆ ಇಡೀ ಯಂತ್ರ ಗೆಲ್ಲುವುದು 100ಕ್ಕೆ 53 ಸಲ. 20ರಲ್ಲಿ 19 ಗೆದ್ದರೂ 100ಕ್ಕೆ 73, 74. ಹಾಗಾಗಿ 20ಕ್ಕೆ 19 ಬಾರದ ಮೇಜಿಗೆ ಹೊಸ ಅಲಂಕಾರ ಸೇರಿಸಲು ಅನುಮತಿ ಇಲ್ಲ. ಗೋಡೆಗೆ ಒಂದು ಹಾಳೆ ಅಂಟಿಸಿ: ಓಟದ ಸಂಖ್ಯೆ, ಗೆಲುವು ಅಥವಾ ಸೋಲು, ನಿಂತ ಜಾಗ, ಬದಲಿಸಿದ್ದು ಏನು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡು ಬದಲಿಸಿ ಗೆದ್ದರೆ ಯಾವುದರಿಂದ ಗೆದ್ದಿರಿ ಎಂದು ತಿಳಿಯುವುದಿಲ್ಲ.

ಸೆಮಿನಾರ್ ಹಾಲಿಗೆ ಒಯ್ದ ಮೇಲೆ ಎಲ್ಲ ಅಳತೆ ಮತ್ತೆ ನೋಡಬೇಕು. ನೆಲ ಮಟ್ಟಸ ಇರುವುದಿಲ್ಲ, ಮಡಿಚಿದ ರಟ್ಟನ್ನು ಕಾಲಿನ ಕೆಳಗೆ ಕೊಡಿ. ಮೇಜಿನ ಕಾಲು ಇರುವ ಜಾಗಕ್ಕೆ ನೆಲದ ಮೇಲೆ ಟೇಪು ಹಚ್ಚಿ, ರಾತ್ರಿ ಗುಡಿಸುವವರು ಸರಿಸಿದರೂ ಬೆಳಿಗ್ಗೆ ಸರಿಹೋಗುತ್ತದೆ. ಫ್ಯಾನ್ ಸ್ವಿಚ್ಚಿಗೆ ಕಾಗದ ಅಂಟಿಸಿ ‘ಮುಟ್ಟಬೇಡಿ’ ಎಂದು ಬರೆಯಿರಿ. ಮೇಜಿನಿಂದ ಒಂದೂವರೆ ಮೀಟರ್ ದೂರಕ್ಕೆ ಹಗ್ಗ ಕಟ್ಟಿ. ಮಕ್ಕಳಿಗಿಂತ ಫೋಟೋ ತೆಗೆಯುವವರ ಮೊಣಕೈ ಅಪಾಯ.

ಜೋಡಿಸಲು 40 ನಿಮಿಷ ಇಟ್ಟುಕೊಳ್ಳಿ. ಪ್ರತಿ ಮೇಜಿನ ಮೊದಲ ಹೆಜ್ಜೆಗೆ ಕೆಂಪು ರಿಬ್ಬನ್ ಕಟ್ಟಿದ ತಡೆಗಡ್ಡಿ ಇರಲಿ. ಮೇಜು 1ರಲ್ಲಿ ಅದರ ಜೊತೆಗೆ ಸಾಲಿನ ನಡುವಿನ ಐದು ಪೆಟ್ಟಿಗೆಯನ್ನೂ ತೆಗೆದಿಡಿ, ಯಾರೋ ತಾಗಿಸಿದರೂ ಅರ್ಧವಷ್ಟೇ ಬೀಳುತ್ತದೆ. ನಾಡಗೀತೆ ಮುಗಿದು ಎಲ್ಲರೂ ಕೂತ ಮೇಲೆ ಪೆಟ್ಟಿಗೆ ಹಿಂದಿಡಿ, 6ರಿಂದ 1ರ ಕಡೆಗೆ ತಡೆ ತೆಗೆಯುತ್ತ ಬನ್ನಿ. ಆರು ರಿಬ್ಬನ್ ಒಬ್ಬರ ಕೈಯಲ್ಲಿ ಎಣಿಸಿ ಆದ ಮೇಲೆಯೇ ಮುಖ್ಯ ಅತಿಥಿಯ ಅಂಗೈಗೆ ಮೊದಲ ಗೋಲಿ. ಐದೇ ಇದ್ದರೆ ಆರನೆಯದು ಸಿಗುವವರೆಗೆ ನಿರೂಪಕರು ಒಗಟು ಓದುತ್ತಿರಲಿ.

ಮುಗಿದ ಮೇಲೆ ಬ್ಯಾಟರಿಯ ಫ್ಯೂಸು ಮೊದಲು ತೆಗೆಯಿರಿ. ನೆಲದ ಮೇಲಿನ ದಳ ಒದ್ದೆಯಾದರೆ ಜಾರುತ್ತದೆ, ತಿಂಡಿಗೆ ಜನ ಏಳುವ ಮುಂಚೆ ಗುಡಿಸಿ ಗೊಬ್ಬರದ ಗುಂಡಿಗೆ ಹಾಕಿ. ಮೋಟಾರು, ಸ್ವಿಚ್ಚು, ಕೇಸಿಂಗ್ ಪಟ್ಟಿಗಳನ್ನು ಒಂದು ಪೆಟ್ಟಿಗೆಯಲ್ಲಿ ಅಳತೆಯ ಹಾಳೆಯ ಜೊತೆ ಕಟ್ಟಿಡಿ. ಪ್ರಬಂಧ ಬೀರುವಿಗೆ, ಇಸ್ಪೀಟು ಡ್ರಾಯರಿಗೆ. ಗೋಲಿ ಎಣಿಸಿ. ಕಡಿಮೆ ಬಂದರೆ ಮೊದಲು ವೇದಿಕೆಯ ಮೆಟ್ಟಿಲ ಕೆಳಗೆ ಬಗ್ಗಿ ನೋಡಿ.